ಕಂಬದ ಬುಡದಲ್ಲಿ ಹಾಕಿದ ಶಿಲುಬೆ ಗುರುತು

ಹೋದ ತಿಂಗಳು ನಮ್ಮ ಹಳೇ ಆಫೀಸಿನವರು ನನ್ನನ್ನು ಕರೆದಿದ್ದರು. ಹೊಸದಾಗಿ ಸೇರಿದ ಲೈನ್‌ಮನ್‌ಗಳಿಗೆ ಅನುಭವದ ನಾಲ್ಕು ಮಾತು ಹೇಳಬೇಕಂತೆ. ನಾನು ನಿವೃತ್ತನಾಗಿ ಐದು ವರ್ಷವಾಯಿತು. ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಮೈಕಿನ ಮುಂದೆ ನಿಲ್ಲಿಸಿಯೂ ಬಿಟ್ಟರು. ಮೂವತ್ತನಾಲ್ಕು ವರ್ಷ ಕಂಬ ಹತ್ತಿದವನಿಗೆ ಆ ಅರ್ಧ ಅಡಿ ವೇದಿಕೆಯ ಮೇಲೆ ಕಾಲು ನಡುಗಿತು, ನೋಡಿ. "ಜಾಗ್ರತೆ ಮಕ್ಕಳೇ, ಗ್ಲೌಸ್ ಹಾಕಿಕೊಳ್ಳಿ" ಎಂದಷ್ಟೇ ಹೇಳಿ ಕೂತೆ. ಎಲ್ಲರೂ ಚಪ್ಪಾಳೆ ಹೊಡೆದರು. ಎಂತಕ್ಕೆ ಹೊಡೆದರೋ ಅವರಿಗೇ ಗೊತ್ತು.

ಆಮೇಲೆ ಚಾ ಕುಡಿಯುವಾಗ ಒಬ್ಬಳು ಹುಡುಗಿ ಹತ್ತಿರ ಬಂದಳು. ಬೈಂದೂರು ಕಡೆಯವಳು, ಖಾಕಿ ಹಾಕಿಕೊಂಡಿದ್ದಳು. ಈಗ ಹೆಣ್ಣುಮಕ್ಕಳೂ ಈ ಕೆಲಸಕ್ಕೆ ಬರುತ್ತಾರೆ, ನೋಡಿ ಖುಷಿಯಾಯಿತು. "ಸಾರ್, ನೀವ್ ಶಿಲುಬೆ ಗುರ್ತ್ ಹಾಕ್ದೆ ಕಂಬ ಮುಟ್ತಾ ಇರ್ಲಿಲ್ಲೆ ಅಂಬ್ರ್. ಹೌದಾ? ಹಾಂಗ್ ದೇವ್ರನ್ ನೆನ್ಸ್ಕಂಡ್ರೆ ಹೆದ್ರ್ಕಿ ಹೋತ್ತಾ?" ಎಂದು ಕೇಳಿದಳು. ನಾನು "ಹೌದು ಮಗಾ" ಎಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡೆ. ಮನೆಗೆ ಬಂದ ಮೇಲೆ ಸಮಾಧಾನವಿಲ್ಲ. ಆ "ಹೌದು" ಅರ್ಧ ಸುಳ್ಳು. ಉಳಿದ ಅರ್ಧವನ್ನು ಹೇಳುವುದಕ್ಕೆ ಈ ಬರವಣಿಗೆ. ಬಡ್ತಿ ಯಾವಾಗ ಸಿಕ್ಕಿತು, ಯಾವ ಊರಿಗೆ ವರ್ಗವಾಯಿತು ಎನ್ನುವುದೆಲ್ಲ ಆಫೀಸಿನ ಪುಸ್ತಕದಲ್ಲಿದೆ, ಬೇಕಾದವರು ಅಲ್ಲೇ ಓದಿಕೊಳ್ಳಲಿ.

ನನ್ನ ಹೆಸರು ಲಾರೆನ್ಸ್. ಊರು ಬಿಜೂರು. ನಮ್ಮ ಮನೆಯೊಳಗೆ ಕೊಂಕಣಿ, ಅಂಗಳ ದಾಟಿದರೆ ಕುಂದಾಪ್ರ ಕನ್ನಡ. ಈ ಕಡೆಯ ಜನ ನಮ್ಮಂಥ ಕ್ರೈಸ್ತರನ್ನು ಪೊರ್ಬುಗಳು ಎನ್ನುತ್ತಾರೆ. ಹಾಗಾಗಿ ಕುಂದಾಪುರದಿಂದ ಬೈಂದೂರಿನವರೆಗೆ ಯಾವ ಮನೆಯಲ್ಲಿ ಕರೆಂಟು ಹೋದರೂ ಕೂಗುತ್ತಿದ್ದುದು "ಹ್ವಾಯ್ ಪೊರ್ಬುಗಳೆ" ಎಂದೇ. ಲಾರೆನ್ಸ್ ಎಂದು ಕರೆದದ್ದು ಸಂಬಳದ ದಿನ ಮಾತ್ರ.

ನನ್ನ ಅಮ್ಮನನ್ನು ನಾವು ಮಾಂಯ್ ಎನ್ನುತ್ತಿದ್ದೆವು. ಅವಳಿಗೆ ಪ್ರಾರ್ಥನೆಗೆ ಬೇರೆ ಸಮಯ ಅಂತ ಇರಲಿಲ್ಲ. ಒಲೆಗೆ ಬೆಂಕಿ ಹಾಕುವ ಮೊದಲು ಶಿಲುಬೆ ಗುರುತು, ಬಾವಿಗೆ ಕೊಡಪಾನ ಇಳಿಸುವ ಮೊದಲು ಶಿಲುಬೆ ಗುರುತು, ಬಂಗುಡೆ ಮೀನಿಗೆ ಕತ್ತಿ ಹಾಕುವ ಮೊದಲೂ ಅದೇ. ದನ ಹಾಲು ಕೊಡಲು ತಕರಾರು ಮಾಡಿದರೆ ಅದರ ಹಣೆಯ ಮೇಲೂ ಬೆರಳಿನಿಂದ ಒಂದು ಗುರುತು. ನಾನೊಮ್ಮೆ ಶಾಲೆಗೆ ತಡವಾಯಿತೆಂದು ಗಡಿಬಿಡಿಯಲ್ಲಿ ಹಣೆ ಎದೆ ಹೆಗಲು ಮುಟ್ಟಿ ಓಡಿದೆ. ಹಿಂದಿನಿಂದ ಕೂಗಿ ನಿಲ್ಲಿಸಿದಳು. "ಯಾರನ್ನು ಕರೆದೆ ಈಗ? ಕರೆದು ಅವರು ಬರುವುದರೊಳಗೆ ಓಡಿಹೋಗುತ್ತೀಯಾ?" ಎಂದು ಕೇಳಿದಳು. ಮತ್ತೆ ನಿಲ್ಲಿಸಿ, ನಿಧಾನವಾಗಿ ಹಾಕಿಸಿಯೇ ಕಳಿಸಿದಳು. ಶಾಲೆಯಲ್ಲಿ ಪೆಟ್ಟು ಬಿತ್ತು, ಅದು ಬೇರೆ ಮಾತು.

ಕೆಲಸಕ್ಕೆ ಸೇರಿದಾಗ ನನಗೆ ಗುರುವಾಗಿ ಸಿಕ್ಕಿದವರು ಅಣ್ಣಪ್ಪ ಮೇಸ್ತ್ರಿ. ಬ್ರಹ್ಮಾವರದ ಕಡೆಯವರು, ಕಪ್ಪಗೆ, ಕುಳ್ಳಗೆ. ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ. ಅವರು ಬೈದರೆ ಕಂಬದ ಮೇಲಿನ ಕಾಗೆಯೂ ಹಾರಿಹೋಗುತ್ತಿತ್ತು. ನಾವುಂದದಲ್ಲಿ ನನ್ನ ಮೊದಲ ದಿನ. ನಾನು ಕಂಬದ ಬುಡದಲ್ಲಿ ನಿಂತು ಶಿಲುಬೆ ಗುರುತು ಹಾಕಿ, ಕಾಲು ಎತ್ತಿದೆ. ಮೇಸ್ತ್ರಿ ನನ್ನ ಸೊಂಟದ ಬೆಲ್ಟು ಹಿಡಿದು ಹಿಂದಕ್ಕೆ ಎಳೆದರು. ನಾನು ಮರಳಿನ ಮೇಲೆ ಕೂತೆ.

"ಎಂತ ಮಾಡ್ದೆ ಈಗ?"

"ದೇವ್ರ ಹತ್ರ ಕಾಪಾಡು ಅಂತ ಹೇಳ್ದೆ."

"ರಾಡ್ ಹಾಕ್ದ್ಯಾ?"

"ಇಲ್ಲೆ."

"ಹಾಂಗಾರೆ ದೇವ್ರ್ ಎಂತ ನಿನ್ನ ಆಳಾ? ನಿನ್ ಕೆಲ್ಸ ನೀ ಮುಗ್ಸ್. ಮತ್ ಅವ್ನ ಹತ್ರ ಹೇಳ್."

ರಾಡ್ ಎಂದರೆ ಏನು ಎಂದು ಹೊರಗಿನವರಿಗೆ ಹೇಳಬೇಕು. ಉದ್ದನೆಯ ಕೋಲು, ತುದಿಯಲ್ಲಿ ಕೊಕ್ಕೆ, ಕೊಕ್ಕೆಯಿಂದ ನೆಲಕ್ಕೆ ತಂತಿ. ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಲೈನು ಬಂದ್ ಮಾಡಿಸಿದ ಮೇಲೆ ಆ ಕೊಕ್ಕೆಯನ್ನು ತಂತಿಗೆ ಸಿಕ್ಕಿಸಬೇಕು. ತಂತಿಯಲ್ಲಿ ಉಳಿದ ಕರೆಂಟೆಲ್ಲ ನೆಲಕ್ಕಿಳಿಯುತ್ತದೆ. ಅಲ್ಲಿ ಯಾರಾದರೂ ಮರೆತು ಲೈನು ಹಾಕಿದರೂ ಮೇಲಿದ್ದವನ ಜೀವ ಉಳಿಯುತ್ತದೆ. ಮೊದಲು ಫೋನು, ಆಮೇಲೆ ರಾಡು, ಆಮೇಲೆ ಶಿಲುಬೆ ಗುರುತು, ಕಡೆಗೆ ಕಂಬ. ಮೇಸ್ತ್ರಿ ಹಾಕಿಕೊಟ್ಟ ಕ್ರಮ ಇದು. ಅವರಿಗೆ ಬೈಬಲ್ಲೂ ಗೊತ್ತಿಲ್ಲ, ಜಪಸರವೂ ಗೊತ್ತಿಲ್ಲ. ಆದರೂ ಪ್ರಾರ್ಥನೆಗೆ ಅದರ ಜಾಗ ಯಾವುದು ಅಂತ ನನಗೆ ಕಲಿಸಿದವರು ಅವರೇ.

ಆ ದಿನಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಜೀಪಿರಲಿಲ್ಲ, ಬಿದಿರಿನ ಏಣಿ ಹೆಗಲ ಮೇಲೆ, ತಂತಿಯ ಸುರುಳಿ ಸೈಕಲ್ಲಿನ ಮೇಲೆ. ಸಬ್‌ಸ್ಟೇಷನ್ನಿಗೆ ಫೋನ್ ಮಾಡಬೇಕಾದರೆ ಅಂಗಡಿಗೋ ಅಕ್ಕಿ ಮಿಲ್ಲಿಗೋ ಹೋಗಬೇಕು. ಮಿಲ್ಲಿನವರು ಒಂದು ಲೋಟ ಮಜ್ಜಿಗೆ ಕೊಡದೆ ಫೋನು ಮುಟ್ಟಲು ಬಿಡುತ್ತಿರಲಿಲ್ಲ. ಗದ್ದೆಯ ಅಂಚಿನಲ್ಲಿ ನಡೆದು ಹೋಗುವಾಗ ಮನೆಮನೆಯಲ್ಲೂ ಮಾತು. ಯಾರ ಮಗಳಿಗೆ ಮದುವೆ, ಯಾರ ಮಗ ಮುಂಬೈಯಿಂದ ಬಂದ, ಯಾವ ದೋಣಿಗೆ ಎಷ್ಟು ಮೀನು, ಎಲ್ಲ ಲೈನ್‌ಮನ್ನಿಗೆ ಗೊತ್ತು. ಈಗಿನವರಿಗೆ ಮೊಬೈಲಿದೆ, ಬಕೆಟ್ ಇರುವ ಲಾರಿ ಇದೆ, ಮಜ್ಜಿಗೆ ಮಾತ್ರ ಇಲ್ಲ.

ತಪ್ಪುಗಳನ್ನೂ ಹೇಳುತ್ತೇನೆ. ಒಮ್ಮೆ ನಮ್ಮ ಬಿಜೂರಿನಲ್ಲೇ ಗಾಳಿಗೆ ತುಂಡಾದ ಮೂರು ತಂತಿಗಳನ್ನು ಜೋಡಿಸಿದೆ. ಎರಡನ್ನು ಅದಲು ಬದಲು ಮಾಡಿಬಿಟ್ಟೆ. ಹಾಗೆ ಮಾಡಿದರೆ ಪಂಪಿನ ಮೋಟರು ತಿರುಗುತ್ತದೆ, ಉಲ್ಟಾ ತಿರುಗುತ್ತದೆ. ಸುಗ್ಗಿ ಬೆಳೆಯ ಗದ್ದೆಗೆ ನೀರು ಬಿಡಲು ಹೋದವರೆಲ್ಲ ಪೈಪಿನ ಬಾಯಿ ನೋಡುತ್ತ ನಿಂತರು. ಗಿರಿಜಕ್ಕ ಅಂತ ಒಬ್ಬರು, ಒಂಟಿಯಾಗಿ ಬೇಸಾಯ ನಡೆಸುತ್ತಿದ್ದ ಹೆಂಗಸು, ನೇರ ನಮ್ಮ ಮನೆಗೇ ಬಂದರು. "ಹ್ವಾಯ್ ಪೊರ್ಬುಗಳೆ, ನಮ್ ಪಂಪ್ ನೀರ್ ಕೊಡ್ತಿಲ್ಲೆ, ಇದ್ದ ನೀರನ್ನೂ ಕುಡಿತಾ ಇತ್ತ್. ಎಂತ ಮಂತ್ರ ಹಾಕಿದ್ರಿ?" ಎಂದರು. ನಾನು ಮುಖ ಗಂಭೀರ ಮಾಡಿ "ಟ್ರಾನ್ಸ್‌ಫಾರ್ಮರಿನ ದೋಷ" ಎಂದೆ. ಸಂಜೆಯೊಳಗೆ ಸರಿ ಮಾಡಿದೆ. ಮಾಂಯ್ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಊಟ ಬಡಿಸುವಾಗ "ಟ್ರಾನ್ಸ್‌ಫಾರ್ಮರಿಗೆ ಬಾಯಿಲ್ಲ ಪಾಪ" ಎಂದಳು, ಅಷ್ಟೇ. ನನ್ನ ಮೇಲೆ ಬಂದದ್ದನ್ನು ಪಕ್ಕಕ್ಕೆ ತಳ್ಳುವ ಚಾಳಿ ನನಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಇನ್ನೊಂದು ನೆನಪು ಭಾನುವಾರದ್ದು. ಆಷಾಢದ ಮಳೆ. ಬೆಳಿಗ್ಗೆ ಚರ್ಚಿನ ಪೂಜೆಗೆ ಹೊರಟವನಿಗೆ ನಾವುಂದದಲ್ಲಿ ತೆಂಗಿನ ಮರ ಬಿದ್ದು ಎರಡು ಕಂಬ ಮುರಿದಿವೆ ಎಂದು ಸುದ್ದಿ ಬಂತು. ಬಿಳಿ ಅಂಗಿ ಬಿಚ್ಚಿ ಖಾಕಿ ಹಾಕಿದೆ. ಊರಿನ ಗಂಡಸರೆಲ್ಲ ಸೇರಿ ಕಂಬ ಎತ್ತಿಕೊಟ್ಟರು. ಕೆಲಸ ಮುಗಿಸಿ ಇಗರ್ಜಿಗೆ ಓಡಿ ಬಂದರೆ ಪೂಜೆ ಮುಗಿದು ಜನ ಹೊರಗೆ ಬರುತ್ತಿದ್ದಾರೆ. ಆಗಿನ ಪಾದ್ರಿಗಳು ಮುದುಕರು, ಬಹಳ ತಮಾಷೆಯವರು. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಕಂಬ ಎದ್ದಿತಾ?"

"ಎದ್ದಿತು ಫಾದರ್."

"ಹಾಗಾದರೆ ನೀನು ಪೂಜೆಗೆ ಬರಲಿಲ್ಲ ಅಂತ ಯಾರು ಹೇಳಿದ್ದು? ಹೋಗು, ಹೊರಗೆ ಕಾಲು ತೊಳೆದು ಬಾ. ನೆಲವೆಲ್ಲ ಕೆಸರಾಯಿತು."

ಆ ಮಾತು ನನಗೆ ಬಹಳ ಹಿತವಾಯಿತು. ಅಂದಿನಿಂದ ನನ್ನ ಕೆಲಸವೇ ನನ್ನ ಪೂಜೆ ಎಂದು ನಂಬಿದೆ. ಸುಳ್ಳಾಗಿ ನಂಬಿದ್ದಲ್ಲ, ನಿಜವಾಗಿಯೂ ನಂಬಿದ್ದೆ. ಕಂಬದ ಬುಡದಲ್ಲಿ ರಾಡು ಹಾಕಿ ಕೈ ಹಣೆಗೆ ಹೋದಾಗ ಮನಸ್ಸಿನಲ್ಲಿ ಅಂದು ಲೈನಿನ ಮೇಲೆ ಇದ್ದವರ ಹೆಸರು ಒಂದೊಂದಾಗಿ ಹೇಳುತ್ತಿದ್ದೆ. ಹತ್ತಿದವರೆಲ್ಲ ಹತ್ತಿದ ಹಾಗೇ ಇಳಿಯಲಿ ಎಂದು ಕೇಳುತ್ತಿದ್ದೆ. ಮೂರು ಉಸಿರಿನ ಪ್ರಾರ್ಥನೆ. ಅದನ್ನು ಮುಗಿಸಿ ಕಂಬಕ್ಕೆ ಕೈ ಹಚ್ಚಿದರೆ ಇಗರ್ಜಿಯ ಬಾಗಿಲು ಮುಟ್ಟಿದ ಹಾಗೇ ಆಗುತ್ತಿತ್ತು.

ಈಗ ಭಾಸ್ಕರನ ವಿಷಯಕ್ಕೆ ಬರುತ್ತೇನೆ.

ಭಾಸ್ಕರ ಖಾರ್ವಿ ಮೀನುಗಾರರ ಮನೆಯವನು. ಅವನ ಅಪ್ಪ, ಅಣ್ಣಂದಿರು ಎಲ್ಲರೂ ಕಡಲಿಗೆ ಹೋಗುವವರು. ಮನೆಯಲ್ಲಿ ನೆಲದ ಮೇಲಿನ ಕೆಲಸ ಸಿಕ್ಕಿದ ಮೊದಲ ಮಗ ಇವನೇ ಎಂದು ಅವನ ತಾಯಿಗೆ ಸಂಭ್ರಮವೋ ಸಂಭ್ರಮ. ನನಗಿಂತ ಹತ್ತು ವರ್ಷ ಚಿಕ್ಕವನು, ಬಾಯಿ ಜೋರು, ಕೈ ಚುರುಕು. ದೋಣಿಯ ಹಗ್ಗ ಕಟ್ಟಿದ ಕೈ ಅಲ್ಲವೇ, ಅವನು ಹಾಕಿದ ಗಂಟು ಯಾವ ಗಾಳಿಗೂ ಬಿಚ್ಚುತ್ತಿರಲಿಲ್ಲ. ನಾವಿಬ್ಬರೂ ಹದಿನೈದು ವರ್ಷ ಜೊತೆಯಲ್ಲಿ ಕೆಲಸ ಮಾಡಿದೆವು. ನಮ್ಮ ತೆನೆ ಹಬ್ಬಕ್ಕೆ ಅವನು ನಮ್ಮ ಮನೆಯಲ್ಲಿ ಹೊಸಕ್ಕಿ ಊಟ ಮಾಡುತ್ತಿದ್ದ. ಅವನ ಮನೆಯ ದೀಪಾವಳಿಗೆ ನಾನು ಹೋಗದಿದ್ದರೆ ಅವನ ಹೆಂಡತಿ ಸುಮತಿ ವಾರ ಮಾತು ಬಿಡುತ್ತಿದ್ದಳು.

ನಾನು ಹಿರಿಯನಾದ ಮೇಲೆ ಫೋನು ಮತ್ತು ರಾಡು ನನ್ನ ಜವಾಬ್ದಾರಿ. ಭಾಸ್ಕರ ಎರಡು ಕಂಬ ಆಚೆ ಇರುತ್ತಿದ್ದ. ತಲ್ಲೂರಿನ ಹತ್ತಿರ ಹೆದ್ದಾರಿಯ ಬದಿ ಕೆಲಸವೆಂದರೆ ಲಾರಿಗಳ ಗದ್ದಲ, ನಾವುಂದವೆಂದರೆ ಕಡಲ ಗಾಳಿ. ಕೂಗಿದರೆ ಕೇಳುವುದಿಲ್ಲ. ಇಲಾಖೆಯವರು ಸೀಟಿ ಕೊಟ್ಟಿದ್ದರು. ನನ್ನದನ್ನು ನನ್ನ ಮಗಳು ಶಾಲೆಯ ಆಟೋಟಕ್ಕೆ ಒಯ್ದವಳು ಮತ್ತೆ ತರಲೇ ಇಲ್ಲ. ಹಾಗಾಗಿ ಒಂದು ಕ್ರಮ ತಾನಾಗಿ ಬೆಳೆಯಿತು. ನಾನು ರಾಡ್ ಹಾಕಿದ ಮೇಲೆಯೇ ಶಿಲುಬೆ ಗುರುತು ಹಾಕುತ್ತೇನೆ ಎಂದು ಎಲ್ಲರಿಗೂ ಗೊತ್ತು. ದೂರದಿಂದ ರಾಡು ಕಾಣದಿದ್ದರೂ ನನ್ನ ಕೈ ಹಣೆಗೆ ಹೋದದ್ದು ಕಾಣುತ್ತದೆ. "ಪೊರ್ಬುಗಳ್ ಕೈ ಹಾಕ್ರ್ ಅಂದ್ರೆ ಲೈನ್ ಸತ್ತಿತ್ ಅಂತ್ಲೇ ಲೆಕ್ಕ" ಎಂದು ಭಾಸ್ಕರ ಹೊಸಬರಿಗೂ ಹೇಳಿಕೊಡುತ್ತಿದ್ದ. ಸಮಯ ಉಳಿಸಲು ಅವನು ಮೊದಲೇ ಅರ್ಧ ಕಂಬ ಹತ್ತಿ, ಬೆಲ್ಟು ಬಿಗಿದು, ತಂತಿಯಿಂದ ಒಂದು ಮಾರು ಕೆಳಗೆ ಕಾದು ನಿಲ್ಲುತ್ತಿದ್ದ. ನನ್ನ ಕೈ ನೋಡಿದ ಕೂಡಲೇ ಮೇಲೆ ಹೋಗಿ ಕೆಲಸ ಶುರು.

ಅದು ತಪ್ಪು. ನೂರು ಸಲ ತಪ್ಪು. ಆದರೆ ನಿಜ ಹೇಳಬೇಕೋ ಬೇಡವೋ? ನನಗೆ ಒಳಗೊಳಗೆ ಹೆಮ್ಮೆ. ಬೇರೆ ಜಾತಿಯ, ಬೇರೆ ದೇವರ ಮಕ್ಕಳು ನನ್ನ ಪ್ರಾರ್ಥನೆಯನ್ನು ನಂಬಿ ಕಂಬ ಹತ್ತುತ್ತಾರಲ್ಲ ಎಂದು ಉಬ್ಬುತ್ತಿದ್ದೆ. ನಮ್ಮ ಶಾಖೆಯ ಸಾಹೇಬರಿಗೂ ಇದು ಗೊತ್ತಿತ್ತು. ಒಮ್ಮೆ ತಪಾಸಣೆಗೆ ಬಂದು ನೋಡಿ ನಕ್ಕು, "ಒಳ್ಳೇ ಸಿಸ್ಟಮ್ ಮಾಡ್ಕೊಂಡಿದ್ದೀರಿ" ಎಂದು ಎಳನೀರು ಕುಡಿದು ಹೋದರು.

ಆ ದಿನ ನಮ್ಮ ಇಗರ್ಜಿಯ ಹಬ್ಬಕ್ಕೆ ನಾಲ್ಕು ದಿನವಿತ್ತು. ನಾನು ನಮ್ಮ ವಾಳೆಯ ಗುರ್ಕಾರ, ಅಂದರೆ ಹತ್ತಿಪ್ಪತ್ತು ಕ್ರೈಸ್ತ ಮನೆಗಳ ಮುಂದಾಳು. ದೀಪಾಲಂಕಾರದ ಹೊಣೆಯೂ ನನ್ನದೇ. ಬೆಳಿಗ್ಗೆಯಿಂದ ತಲೆಯಲ್ಲಿ ಅದೇ. ಪೀಠದ ಸುತ್ತ ನೀಲಿ ದೀಪವೋ ಬಿಳಿಯೋ? ಹೋದ ವರ್ಷ ಪಕ್ಕದ ಇಗರ್ಜಿಯವರು ಗೋಪುರದವರೆಗೆ ದೀಪ ಎಳೆದಿದ್ದರು, ನಾವೇನು ಕಡಿಮೆಯಾ? ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಕಂಬದ ಬುಡದಲ್ಲಿ ನಿಂತು ಸಬ್‌ಸ್ಟೇಷನ್ನಿಗೆ ಮೊಬೈಲಿನಲ್ಲಿ ಫೋನ್ ಮಾಡಿದೆ. ಅಲ್ಲಿದ್ದವನು "ಎರಡ್ ನಿಮ್ಷ ಪೊರ್ಬುಗಳೆ, ಇನ್ನೊಂದ್ ಫೋನ್ ಬತ್ತಾ ಇತ್ತ್, ಲೈನ್ ಬಂದ್ ಮಾಡಿ ಹೇಳ್ತೆ" ಎಂದ. ನಾನು ಮೊಬೈಲು ಕಿಸೆಗೆ ಹಾಕಿದೆ. ರಾಡು ಜೀಪಿಗೆ ಒರಗಿಸಿಟ್ಟದ್ದು ಅಲ್ಲೇ ಇತ್ತು. ಬಿಳಿಯೇ ಚಂದ, ಬಿಳಿ ಹಾಕುವ, ಎಂದುಕೊಳ್ಳುತ್ತ ಕಂಬದ ಕಡೆ ತಿರುಗಿದೆ. ನನ್ನ ಕೈ ತಾನಾಗಿ ಮೇಲೆ ಹೋಯಿತು. ಹಣೆ, ಎದೆ, ಎಡ ಹೆಗಲು, ಬಲ ಹೆಗಲು. ಯಾರ ಹೆಸರೂ ಹೇಳಲಿಲ್ಲ. ದೇವರ ಹೆಸರನ್ನೂ ಹೇಳಲಿಲ್ಲ. ಮನಸ್ಸು ದೀಪದ ಸರದಲ್ಲಿತ್ತು.

ಎರಡು ಕಂಬ ಆಚೆಯಿಂದ ಒಂದು ಸದ್ದು ಬಂತು. ಆ ಸದ್ದನ್ನು ಬರೆಯಲು ನನಗಾಗುವುದಿಲ್ಲ. ತಿರುಗಿ ನೋಡಿದರೆ ಭಾಸ್ಕರ ಬೆಲ್ಟಿನಲ್ಲಿ ನೇತಾಡುತ್ತಿದ್ದಾನೆ. ಓಡಿದೆ. ಓಡುತ್ತ ಏನೇನು ಕೂಗಿದೆನೋ ಗೊತ್ತಿಲ್ಲ. ಅಷ್ಟರಲ್ಲಿ ಕಿಸೆಯೊಳಗೆ ಮೊಬೈಲು ಬಡಿದುಕೊಳ್ಳುತ್ತಿತ್ತು. ಲೈನ್ ಬಂದ್ ಆಗಿದೆ ಎಂದು ಹೇಳಲು ಸಬ್‌ಸ್ಟೇಷನ್ನಿನವನು ಕರೆಯುತ್ತಿದ್ದ.

ಭಾಸ್ಕರನ ಜೀವ ಉಳಿಯಿತು. ಬೆಲ್ಟು ಇತ್ತು, ಬೀಳಲಿಲ್ಲ. ಆದರೆ ಬಲಗೈ ಉಳಿಯಲಿಲ್ಲ. ಒಂದು ವಾರ ವೈದ್ಯರು ಪ್ರಯತ್ನ ಮಾಡಿದರು, ಆಮೇಲೆ ಮೊಣಕೈಯಿಂದ ಕೆಳಗೆ ತೆಗೆದರು. ಸುಮತಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು "ಲಾರೆನ್ಸಣ್ಣ, ಕಡ್ಲಿಗೆ ಹೋಪುದ್ ಬೇಡ ಅಂದೇಳಿ ಈ ಕೆಲ್ಸ ಮಾಡ್ಸದ್ದಲ್ದಾ" ಎಂದು ಅತ್ತಳು.

ಎಂಟನೆಯ ದಿನ ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಕೆಟ್ಟ ಮನುಷ್ಯರೇನಲ್ಲ, ನನ್ನನ್ನು ಉಳಿಸಬೇಕೆಂದೇ ಇದ್ದರು. ವಿಚಾರಣೆಗೆ ಕೊಡುವ ಹೇಳಿಕೆಯನ್ನು ಅವರೇ ಬರೆದಿಟ್ಟಿದ್ದರು. ಹಿರಿಯ ಲೈನ್‌ಮನ್ ಸೂಚನೆ ಕೊಡುವ ಮೊದಲೇ ಸದರಿ ಭಾಸ್ಕರ ಆತುರದಿಂದ ಲೈನು ಮುಟ್ಟಿದ್ದಾರೆ ಎಂದಿತ್ತು.

"ನಾನು ಕೈ ಹಾಕಿದ್ದೆ ಸಾರ್. ಅದನ್ನು ನೋಡಿಯೇ ಅವನು ಹತ್ತಿದ್ದು" ಎಂದೆ.

"ಕೈ ಹಾಕಿದ್ದು ನಿಮ್ಮ ದೇವರಿಗೆ. ಅದು ಸೂಚನೆ ಅಂತ ಯಾವ ನಿಯಮದಲ್ಲಿದೆ? ತೋರಿಸಿ ನೋಡುವ. ನಿಮ್ಮ ಪ್ರಾರ್ಥನೆ ನಿಮ್ಮ ಸ್ವಂತ ವಿಷಯ, ಲಾರೆನ್ಸ್. ಅದನ್ನು ಯಾರೂ ಪ್ರಶ್ನೆ ಮಾಡುವ ಹಾಗಿಲ್ಲ. ಸುಮ್ಮನೆ ಸಹಿ ಹಾಕಿ."

"ಭಾಸ್ಕರನ ಗತಿ?"

ಅವರು ಕಿಟಕಿಯ ಕಡೆ ನೋಡಿದರು. ಅವನದೇ ತಪ್ಪು ಎಂದಾದರೆ ಕೆಲಸ ಹೋಗುತ್ತದೆ. ಒಂದು ಕೈ ಹೋದವನಿಗೆ ಇಲಾಖೆ ಬೇರೆ ಕೆಲಸ ಕೊಡಬೇಕಾಗಿಯೂ ಇಲ್ಲ. ಕಡಲಿಗೂ ಆಗದೆ ಕಂಬಕ್ಕೂ ಆಗದೆ ಅವನು ಮನೆಯಲ್ಲಿ ಕೂರಬೇಕು. ನನ್ನ ತಪ್ಪು ಎಂದಾದರೆ ನನ್ನ ಅಮಾನತು ಖಂಡಿತ, ಕೆಲಸವೇ ಹೋದರೂ ಹೋಯಿತು. ಸಾಹೇಬರು ವಿಚಾರಣೆಯ ದಿನದವರೆಗೆ ಯೋಚಿಸಲು ಹೇಳಿ ಕಾಗದವನ್ನು ನನ್ನ ಕೈಗೇ ಕೊಟ್ಟರು. ನಾಲ್ಕಾಗಿ ಮಡಿಸಿ ಕಿಸೆಯಲ್ಲಿಟ್ಟುಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಸಹಿ ಹಾಕುವ ಮನಸ್ಸು ನನಗೆ ಬಹಳ ಇತ್ತು. ಮಗಳು ಕಾಲೇಜಿನಲ್ಲಿದ್ದಳು.

ಆದರೆ ಒಂದು ತೊಂದರೆಯಾಯಿತು. ನನ್ನ ಕೈ ಹಣೆಗೆ ಹೋಗುವುದನ್ನು ನಿಲ್ಲಿಸಿತು. ಸಂಜೆ ಮನೆಯಲ್ಲಿ ನನ್ನ ಹೆಂಡತಿ ಸೆಲಿನ್ ಜಪಸರ ಶುರು ಮಾಡಿದರೆ ನಾನು ಕೈ ಮಡಿಲಲ್ಲಿಟ್ಟು ಗೋಡೆ ನೋಡುತ್ತ ಕೂರುತ್ತಿದ್ದೆ. ಊಟದ ಮುಂದೆಯೂ ಇಲ್ಲ, ಮಲಗುವ ಮುಂದೆಯೂ ಇಲ್ಲ. ಮೂರನೆಯ ಸಂಜೆ ಸೆಲಿನ್ ಜಪಸರ ಕೆಳಗಿಟ್ಟು "ಕೈಗೆ ಏನಾಯಿತು?" ಎಂದು ಕೇಳಿದಳು. ಕಾಗದ ತೆಗೆದು ಕೊಟ್ಟೆ. ಓದಿದಳು. ಮಡಿಸಿ ವಾಪಸು ಕೊಟ್ಟಳು. "ಇದಕ್ಕೆ ಸಹಿ ಹಾಕಲು ನಿಮಗೆ ಕೈಯಾದರೂ ಇದೆ" ಎಂದು ಎದ್ದು ಒಳಗೆ ಹೋದಳು. ಆ ದಿನ ಜಪಸರ ಅರ್ಧಕ್ಕೇ ನಿಂತಿತು.

ಮರುದಿನ ಪಾಪನಿವೇದನೆಗೆ ಹೋದೆ. ಮುದಿ ಪಾದ್ರಿಗಳು ತೀರಿಹೋಗಿ, ಹೊಸಬರು ಬಂದಿದ್ದರು. ಎಲ್ಲ ಹೇಳಿದೆ, ದೀಪದ ಸರವನ್ನೂ ಸೇರಿಸಿ ಹೇಳಿದೆ. ಅವರು "ಭಾಸ್ಕರನಿಗೆ ಹೇಳಿದಿರಾ?" ಎಂದರು. ಇಲ್ಲ ಎಂದೆ. "ಮೊದಲು ಅಲ್ಲಿಗೆ ಹೋಗಿ ಬನ್ನಿ" ಎಂದರು. ನನಗೆ ಸಿಟ್ಟೇ ಬಂತು. ದೇವರ ಹತ್ತಿರ ಕ್ಷಮೆ ಕೇಳಲು ಬಂದರೆ ಬಸ್ಸು ಹತ್ತಿಸುತ್ತಾರಲ್ಲ ಎಂದುಕೊಂಡೇ ಹೊರಟೆ.

ಭಾಸ್ಕರ ಹಾಸಿಗೆಯ ಮೇಲೆ ಒರಗಿ ಕೂತಿದ್ದ. ಎಡಗೈಯಲ್ಲಿ ಕಿತ್ತಳೆ ಸುಲಿಯಲು ಒದ್ದಾಡುತ್ತಿದ್ದ. ನನ್ನನ್ನು ನೋಡಿ ನಕ್ಕ. ಕೂತು, ತಲೆ ಬಗ್ಗಿಸಿ, ಎಲ್ಲ ಹೇಳಿದೆ. ಫೋನು ಬಂದಿರಲಿಲ್ಲ, ರಾಡು ಹಾಕಿರಲಿಲ್ಲ, ಸುಮ್ಮನೆ ಕೈ ಹಾಕಿದೆ ಎಂದೆ.

"ನಂಗೊತ್ತಿತ್ತ್" ಎಂದ. "ಕೆಳಗ್ ಇಳ್ಸ್ವಾಗ ಜೀಪಿನ್ ಬದಿಯಗೆ ರಾಡ್ ಕಂಡೆ."

"ಮತ್ತೆ ನೀ ಸಾಹೇಬ್ರ ಹತ್ರ ಎಂತ ಹೇಳ್ದೆ?"

"ನಾನೇ ಅವಸ್ರ ಮಾಡಿ ಹತ್ತ್‌ದ್ ಅಂದೆ."

"ಎಂತಕ್ಕೆ ಮಾರಾಯ?"

ಅವನು ಕಿತ್ತಳೆಯನ್ನು ಪಕ್ಕಕ್ಕಿಟ್ಟ. "ಮತ್ ಎಂತ ಹೇಳ್ಕ್ ಪೊರ್ಬುಗಳೆ? ಹದ್ನೈದ್ ವರ್ಷ ಆ ಕೈ ಕಂಡ್ ಹತ್ತಿದೆ, ಇಳ್ದಿದೆ. ಲಾರೆನ್ಸಣ್ಣ ದೇವ್ರಿಗೆ ಹಾಕದ್ ಕೈ ಸುಳ್ಳ್ ಅಂದೇಳಿ ನಾ ಹೇಳ್ಕಾ? ನನ್ ಬಾಯಗೆ ಅದ್ ಬತ್ತಿಲ್ಲೆ" ಎಂದ.

ನಾನು ಅಲ್ಲೇ ಅತ್ತುಬಿಟ್ಟೆ. ವಾರ್ಡಿನಲ್ಲಿದ್ದವರೆಲ್ಲ ನೋಡುತ್ತಿದ್ದರು, ನೋಡಲಿ. ಅವನು ನನ್ನ ದೇವರ ಗುರುತನ್ನು ಕಾಪಾಡಲು ತನ್ನ ಅನ್ನ ಬಿಡಲು ತಯಾರಾಗಿದ್ದ. ನಾನು ಅದೇ ಗುರುತನ್ನು ಸ್ವಂತ ವಿಷಯ ಎಂದು ಹೇಳಿ ತಪ್ಪಿಸಿಕೊಳ್ಳಲು ಕಾಗದ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಆ ಕಾಗದವನ್ನು ಆಸ್ಪತ್ರೆಯ ಕಸದ ಡಬ್ಬಿಗೆ ಹಾಕಿ ಬಂದೆ.

ವಿಚಾರಣೆಗೆ ಮೇಲಿನ ಕಚೇರಿಯ ಅಧಿಕಾರಿ ಬಂದರು. ನಾನು ನಿಂತು ಹೇಳಿದೆ: "ನಮ್ಮಲ್ಲಿ ಲೈನು ಬಂದ್ ಆಗಿದೆ ಎನ್ನುವುದಕ್ಕೆ ನನ್ನ ಶಿಲುಬೆ ಗುರುತೇ ಸನ್ನೆ. ವರ್ಷಗಟ್ಟಲೆ ಹಾಗೇ ನಡೆದಿದೆ. ಆ ದಿನ ಫೋನು ಬರುವ ಮೊದಲೇ, ರಾಡ್ ಹಾಕದೆ, ನಾನು ಗುರುತು ಹಾಕಿದೆ. ಭಾಸ್ಕರ ನನ್ನನ್ನು ನಂಬಿದ. ಅವನು ಕೊಟ್ಟ ಹೇಳಿಕೆ ನನ್ನನ್ನು ಉಳಿಸಲಿಕ್ಕೆ." ಅಧಿಕಾರಿ ಪೆನ್ನು ಕೆಳಗಿಟ್ಟರು. ಧರ್ಮದ ವಿಷಯ, ಇದನ್ನು ಬರೆದುಕೊಳ್ಳಲೇಬೇಕಾ ಎಂದು ಮೆಲ್ಲಗೆ ಕೇಳಿದರು. ಬರೆದುಕೊಳ್ಳಿ ಎಂದೆ. ನಮ್ಮ ಸಾಹೇಬರು ಮೇಜಿನ ಕೆಳಗಿನಿಂದ ನನ್ನ ಕಾಲು ತುಳಿದರು, ಬೂಟು ಹಾಕಿದ್ದರು, ಚೆನ್ನಾಗಿಯೇ ನೋವಾಯಿತು.

ಎಂಟು ತಿಂಗಳು ಅಮಾನತು. ಕೆಲಸ ಹೋಗಲಿಲ್ಲ, ಅದು ದೇವರ ದಯೆಯೋ ಅಧಿಕಾರಿಯ ದಯೆಯೋ. ಭಾಸ್ಕರನಿಗೆ ಸಬ್‌ಸ್ಟೇಷನ್ನಿನಲ್ಲಿ ಫೋನು ಮತ್ತು ಪುಸ್ತಕ ನೋಡಿಕೊಳ್ಳುವ ಕೆಲಸ ಕೊಟ್ಟರು. ನಮ್ಮವರಲ್ಲೇ ಕೆಲವರು ಸಿಟ್ಟಾದರು. ಶಿಲುಬೆ ಗುರುತಿನ ಮಾನವನ್ನು ಸರಕಾರಿ ಫೈಲಿನಲ್ಲಿ ಕಳೆದೆ ಎಂದು ಹಬ್ಬದ ಕಮಿಟಿಯವನೊಬ್ಬ ಇಗರ್ಜಿಯ ಅಂಗಳದಲ್ಲೇ ಕೇಳಿದ. "ಫೈಲಿನಲ್ಲಿ ಕಳೆದದ್ದಲ್ಲ ಮಾರಾಯ, ಕಂಬದ ಬುಡದಲ್ಲೇ ಕಳೆದಿತ್ತು" ಎಂದು ಹೇಳಿ ಬಂದೆ. ಆ ಎಂಟು ತಿಂಗಳು ಪೂಜೆಗೆ ಹೋಗುತ್ತಿದ್ದೆ, ಕಡೆಯ ಸಾಲಿನಲ್ಲಿ ಕೂರುತ್ತಿದ್ದೆ. ಕೈ ಮಾತ್ರ ಮೇಲೆ ಹೋಗಲಿಲ್ಲ. ಎತ್ತಿದರೆ ಆ ಸದ್ದು ಕೇಳಿಸುತ್ತಿತ್ತು.

ಅಷ್ಟರಲ್ಲಿ ನಮ್ಮ ಶಾಖೆಯಲ್ಲಿ ಕ್ರಮಗಳು ಬದಲಾದವು. ಪ್ರತಿ ಕಂಬಕ್ಕೂ ಪ್ರತ್ಯೇಕ ರಾಡು. ಸಬ್‌ಸ್ಟೇಷನ್ನಿನಿಂದ ಒಂದು ನಂಬರು ಕೊಡುತ್ತಾರೆ, ಅದನ್ನು ತಿರುಗಿ ಹೇಳಬೇಕು, ಎರಡೂ ಕಡೆ ಬರೆದುಕೊಳ್ಳಬೇಕು. ಅದಿಲ್ಲದೆ ಯಾರೂ ಯಾರ ಕೈಯನ್ನೂ ನೋಡಿ ಹತ್ತುವ ಹಾಗಿಲ್ಲ. ಹೊಸಬರಿಗೆ ಅದು ಕಿರಿಕಿರಿ ಎಂದು ಕೇಳಿದ್ದೇನೆ. ಕಿರಿಕಿರಿ ಪಡಿ, ಪರವಾಗಿಲ್ಲ. ಆದರೆ ಬಿಡಬೇಡಿ.

ಅಮಾನತು ಮುಗಿದು ಕೆಲಸಕ್ಕೆ ಮರಳಿದ ದಿನ ನನ್ನನ್ನು ನಾವುಂದಕ್ಕೆ ಕಳಿಸಿದರು. ತೆಂಗಿನ ಮಡಲು ಬಿದ್ದು ತಂತಿ ಜೋತುಬಿದ್ದಿತ್ತು. ಕಂಬದ ಬುಡದಲ್ಲಿ ನಿಂತೆ. ಫೋನ್ ಮಾಡಿದೆ. ಆ ಕಡೆಯಿಂದ "ಹೇಳಿ" ಎಂದ ಸ್ವರ ಭಾಸ್ಕರನದ್ದು.

"ನಾವುಂದ" ಎಂದಷ್ಟೇ ಹೇಳಿದೆ. ಅವನಿಗೆ ಸ್ವರ ಗುರುತು ಸಿಕ್ಕಿತು. "ಪೊರ್ಬುಗಳಾ?" ಎಂದ. ಆಮೇಲೆ ಲೈನ್ ಬಂದ್ ಮಾಡಿಸಿ, ನಂಬರು ಹೇಳಿದ. ನಾನು ತಿರುಗಿ ಹೇಳಿದೆ. ಎಡಗೈಯಲ್ಲಿ ಬರೆದುಕೊಳ್ಳುತ್ತಿದ್ದಾನೆ, ನಿಧಾನ, ಪೆನ್ನಿನ ಸದ್ದು ಕೇಳುತ್ತಿತ್ತು. "ನಾ ಫೋನ್ ಇಡುದಿಲ್ಲೆ. ರಾಡ್ ಹಾಕಿ" ಎಂದ. ಮೊಬೈಲನ್ನು ಅಂಗಿಯ ಕಿಸೆಯಲ್ಲಿ ಹಾಗೇ ಇಟ್ಟು ರಾಡು ಹಾಕಿದೆ. "ಹಾಕ್ದೆ" ಎಂದು ಕೂಗಿದೆ.

"ಈಗ ಕೈ ಹಾಕಿ" ಎಂದ.

"ಆತಿಲ್ಲೆ ಭಾಸ್ಕರ. ಎಂಟ್ ತಿಂಗ್ಳ್ ಆಯ್ತ್. ನನ್ನಿಂದ ಆತಿಲ್ಲೆ."

ಅವನು ಅಂದ, "ಹಾಕಿ ಲಾರೆನ್ಸಣ್ಣ. ಇವತ್ತ್ ಇಲ್ಲಿಂದ ನಿಮ್ ಕೈ ನಂಗ್ ಕಾಂತಿಲ್ಲೆ. ನೀವ್ ಹಾಕುದ್ ದೇವ್ರಿಗ್ ಮಾತ್ರ."

ರಾಡನ್ನು ಇನ್ನೊಮ್ಮೆ ನೋಡಿ, ಮೊದಲು ಅವನ ಹೆಸರು ಹೇಳಿ, ಕೈ ಹಣೆಗೆ ಎತ್ತಿದೆ.